ಘಟ್ಟದ ತಿರುವಿನಲ್ಲಿ ಗಾಡಿ ನಿಂತರೆ: ರಸ್ತೆಬದಿ ನೆರವಿನ ಯೋಜನೆಯನ್ನು ಆಯ್ದುಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದ ನಮ್ಮ ಕಾರಿನ ಕ್ಲಚ್ಚು ದೇವಿಮನೆ ಘಟ್ಟದ ಇಳಿಜಾರು ಶುರುವಾಗುವ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಮಳೆ ಧೋ ಎಂದು ಸುರಿಯುತ್ತಿತ್ತು. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದೇ ಗೆರೆ ಬರುತ್ತಿತ್ತು, ಹೋಗುತ್ತಿತ್ತು. ವಿಮೆಯ ಜೊತೆಗೆ ಹೆಚ್ಚಿನ ಹಣ ತೆತ್ತು ಪಡೆದಿದ್ದ ರಸ್ತೆಬದಿ ನೆರವಿನ ಸಂಖ್ಯೆಗೆ ಮೂರನೆಯ ಸಲಕ್ಕೆ ಕರೆ ತಾಗಿತು. ಆ ಕಡೆಯ ಹುಡುಗಿ ವಿನಯದಿಂದಲೇ ಕೇಳಿದ ಮೊದಲ ಪ್ರಶ್ನೆ, ನಾವು ನಿಂತಿರುವ ಜಾಗದ ಪಿನ್‌ಕೋಡ್ ಯಾವುದು ಎಂಬುದು. ಕಾಡಿನ ನಡುವಿನ ತಿರುವಿಗೆ ಪಿನ್‌ಕೋಡ್ ಎಲ್ಲಿಂದ ತರುವುದು? ರಾಗಿಹೊಸಳ್ಳಿ ದಾಟಿದೆವು, ಕತಗಾಲ ಇನ್ನೂ ಬಂದಿಲ್ಲ ಎಂದು ನಾನು ಹೇಳಿದ್ದು ಅವರ ಕಂಪ್ಯೂಟರಿಗೆ ಅರ್ಥವಾಗಲಿಲ್ಲ. ಕುಮಟಾ ಅಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿದ್ದರೂ ಎಳೆದೊಯ್ಯುವ ಗಾಡಿ ಬಂದದ್ದು ಹುಬ್ಬಳ್ಳಿಯಿಂದ, ಅದೂ ಐದು ತಾಸು ಕಳೆದ ಮೇಲೆ.

ನನ್ನ ಯೋಜನೆಯಲ್ಲಿ 50 ಕಿ.ಮೀ.ವರೆಗೆ ಉಚಿತವಾಗಿ ಎಳೆದೊಯ್ಯುವ ಸೌಲಭ್ಯವಿತ್ತು. ಕಾರು ಹೋಗಬೇಕಾಗಿದ್ದದ್ದು 30 ಕಿ.ಮೀ. ಮಾತ್ರ ಎಂಬ ಧೈರ್ಯದಲ್ಲಿ ನಾನಿದ್ದೆ. ಕುಮಟಾದ ಗ್ಯಾರೇಜಿನ ಮುಂದೆ ಕಾರನ್ನು ಇಳಿಸಿದ ಚಾಲಕ, 110 ಕಿ.ಮೀ.ಗೆ ಹೆಚ್ಚುವರಿ ಹಣ ಬರಬೇಕೆಂದ. ಏಕೆಂದು ಕೇಳಿದಾಗ, 'ಸರ, ನಮ್ಮ ಮೀಟ್ರು ಹುಬ್ಬಳ್ಳಿಯಿಂದನ ಚಾಲೂ ಆಗೈತ್ರಿ, ಕಂಪ್ನಿಯವ್ರು ಹಂಗ ಹೇಳ್ಯಾರ' ಎಂದು ಸಮಾಧಾನವಾಗಿ ಉತ್ತರಿಸಿದ. ಮನೆಗೆ ಹೋಗಿ ಷರತ್ತುಗಳ ಕಾಗದವನ್ನು ಬಿಡಿಸಿ ನೋಡಿದರೆ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ದೂರವನ್ನು ನೆರವಿನ ವಾಹನ ಹೊರಟ ಜಾಗದಿಂದ ಎಣಿಸಲಾಗುವುದು ಎಂದು ಒಂಬತ್ತನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ಓದದೆ ಹಣ ಕಟ್ಟಿದವನು ನಾನೇ.

ರೋಡ್‌ಸೈಡ್ ಅಸಿಸ್ಟೆನ್ಸ್ ಎಂದೂ ಆರ್‌ಎಸ್‌ಎ ಎಂದೂ ಕರೆಯುವ ಈ ಯೋಜನೆಗಳ ಜಾಹೀರಾತುಗಳಲ್ಲಿ ಸೌಲಭ್ಯಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ: ಪಂಕ್ಚರಾದರೆ ಸ್ಟೆಪ್ನಿ ಹಾಕಿಕೊಡುವುದು, ಬ್ಯಾಟರಿ ಇಳಿದಿದ್ದರೆ ಜಂಪ್ ಸ್ಟಾರ್ಟ್ ಮಾಡುವುದು (ಬೇರೆ ಬ್ಯಾಟರಿಯ ನೆರವಿನಿಂದ ಎಂಜಿನ್ ಚಾಲೂ ಮಾಡುವುದು), ಪೆಟ್ರೋಲ್ ಮುಗಿದಿದ್ದರೆ ಕೆಲವು ಲೀಟರ್ ತಂದುಕೊಡುವುದು, ಕೀಲಿ ಒಳಗೆ ಉಳಿದಿದ್ದರೆ ಬಾಗಿಲು ತೆಗೆಸುವುದು, ಏನೂ ಆಗದಿದ್ದರೆ ಎಳೆದೊಯ್ಯುವುದು. ಪಟ್ಟಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಯೋಜನೆಯ ಬೆಲೆ ತಿಳಿಯುವುದು ಎರಡು ಪ್ರಶ್ನೆಗಳಿಂದ: ನೆರವಿನ ಗಾಡಿ ಯಾವ ಊರಿನಿಂದ ಹೊರಡುತ್ತದೆ, ನಮ್ಮ ಗಾಡಿಯನ್ನು ಯಾವ ಊರಿಗೆ ಒಯ್ಯುತ್ತದೆ. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಎರಡು ಪ್ರಶ್ನೆಗಳಿಗೆ ಕೊಳ್ಳುವ ಮೊದಲೇ ಉತ್ತರ ಪಡೆಯುವ ದಾರಿಗಳು.

ಮೊದಲು ನಿಮ್ಮ ರಸ್ತೆಗಳನ್ನು ಬರೆದುಕೊಳ್ಳಿ

ಯಾವ ಕಂಪನಿಯ ಮಾಹಿತಿಯನ್ನೂ ನೋಡುವ ಮುನ್ನ, ಒಂದು ವರ್ಷದಲ್ಲಿ ನಿಮ್ಮ ಗಾಡಿ ಓಡುವ ದಾರಿಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಕಾರವಾರದವರಿಗೆ ಅದು ಮಾಜಾಳಿ ಗಡಿ ದಾಟಿ ಕಾಣಕೋಣ, ಮಡಗಾಂವಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಆಗಿರಬಹುದು, ಇಲ್ಲವೇ ಕದ್ರಾ ಮೇಲಿಂದ ಅಣಶಿ ಘಟ್ಟ ಹತ್ತಿ ಜೋಯಿಡಾ, ದಾಂಡೇಲಿಗೆ ಹೋಗುವ ದಾರಿಯಾಗಿರಬಹುದು. ಅಂಕೋಲೆಯವರು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೂಲಕ ಹುಬ್ಬಳ್ಳಿಗೆ ಹೋಗುತ್ತಾರೆ. ಹೊನ್ನಾವರದವರು ಗೇರುಸೊಪ್ಪೆಯ ಘಟ್ಟವೇರಿ ಸಾಗರದ ಕಡೆ ಹೋಗುತ್ತಾರೆ, ಸಿದ್ದಾಪುರದವರಿಗೆ ದೊಡ್ಮನೆ ಘಟ್ಟವಿದೆ. ದೊಡ್ಡ ಆಸ್ಪತ್ರೆಯ ಕೆಲಸವೆಂದರೆ ಕರಾವಳಿಯ ಬಹಳ ಜನರಿಗೆ ಮಣಿಪಾಲ, ಮಂಗಳೂರು ಅಥವಾ ಗೋವಾ. ರೋಗಿಯನ್ನು ಕೂಡಿಸಿಕೊಂಡು ಹೋಗುವ ಆ ದಾರಿಯಲ್ಲಿ ಗಾಡಿ ನಿಲ್ಲುವುದಕ್ಕಿಂತ ಕೆಟ್ಟ ಸನ್ನಿವೇಶ ಬೇರೆ ಇರಲಾರದು, ಆದ್ದರಿಂದ ವರ್ಷಕ್ಕೆ ಎರಡೇ ಸಲ ಹೋದರೂ ಅದನ್ನು ಪಟ್ಟಿಯಲ್ಲಿ ಸೇರಿಸಿ.

ಪ್ರತಿಯೊಂದು ದಾರಿಯ ಎದುರಿಗೆ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ. ಎಲ್ಲಿಂದ ಎಲ್ಲಿಯವರೆಗೆ ಫೋನು ತಾಗುವುದಿಲ್ಲ, ನಿಮ್ಮ ಗಾಡಿಯ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರ ಆ ದಾರಿಗೆ ಹತ್ತಿರದಲ್ಲಿ ಎಲ್ಲಿದೆ, ಮತ್ತು ನೀವು ನಂಬುವ ಮೆಕ್ಯಾನಿಕ್ಕು ಎಲ್ಲಿದ್ದಾರೆ. ಎರಡನೆಯದು ಮುಖ್ಯ. ಜನಪ್ರಿಯ ಕಾರುಗಳ ಸರ್ವೀಸ್ ಕೇಂದ್ರಗಳು ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಸಿಗುತ್ತವೆ, ಆದರೆ ಕೆಲವು ಕಂಪನಿಗಳ ಗಾಡಿ ಇಟ್ಟುಕೊಂಡವರು ಸಣ್ಣ ಕೆಲಸಕ್ಕೂ ಹುಬ್ಬಳ್ಳಿಗೋ ಮಂಗಳೂರಿಗೋ ಮಡಗಾಂವಿಗೋ ಓಡಬೇಕು. ಅಂಥವರಿಗೆ 25 ಕಿ.ಮೀ. ಉಚಿತ ಎಂಬ ಯೋಜನೆ ಘಟ್ಟ ಇಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ.

ಕೈಯಲ್ಲಿ ಈಗಾಗಲೇ ಏನಿದೆ ಎಂದು ನೋಡಿ

ಬಹಳ ಜನರ ಬಳಿ ಅವರಿಗೇ ತಿಳಿಯದಂತೆ ಒಂದೋ ಎರಡೋ ಯೋಜನೆಗಳು ಇರುತ್ತವೆ. ಹೊಸ ಗಾಡಿಯೊಂದಿಗೆ ವಾರಂಟಿಯ ಅವಧಿಯಲ್ಲಿ ತಯಾರಕ ಕಂಪನಿಯೇ ರಸ್ತೆ ನೆರವನ್ನು ಕೊಟ್ಟಿರುವುದುಂಟು. ಡೀಲರು ವಿಮೆ ಮಾಡಿಸುವಾಗ ಅದನ್ನೇ ಇನ್ನೊಮ್ಮೆ ಸೇರಿಸಿ ಹಣ ತೆಗೆದುಕೊಂಡಿರುವುದೂ ಉಂಟು. ವಿಮೆಯ ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ವಿವರ ಕೊಡುವ ಕೋಷ್ಟಕವಿರುತ್ತದೆ. ಅದರಲ್ಲಿ ಆ್ಯಡ್ ಆನ್ (ಮೂಲ ವಿಮೆಗೆ ಹೆಚ್ಚಿನ ಹಣ ತೆತ್ತು ಸೇರಿಸಿಕೊಳ್ಳುವ ಸೌಲಭ್ಯ) ಎಂಬ ತಲೆಬರಹದ ಕೆಳಗೆ ರಸ್ತೆ ನೆರವಿನ ಹೆಸರೂ ಅದಕ್ಕೆ ತೆತ್ತ ಹಣವೂ ಕಾಣಿಸಬೇಕು. ಕಾಣಿಸದಿದ್ದರೆ, ಏಜೆಂಟರು ಬಾಯಲ್ಲಿ ಏನೇ ಹೇಳಿರಲಿ, ಆ ಸೌಲಭ್ಯ ನಿಮಗಿಲ್ಲ ಎಂದೇ ತಿಳಿಯಿರಿ. ಮೂರನೆಯ ವ್ಯಕ್ತಿಯ ಹಾನಿಗೆ ಮಾತ್ರ ಮಾಡಿಸಿದ ಥರ್ಡ್ ಪಾರ್ಟಿ ವಿಮೆಯ ಜೊತೆಗೆ ಈ ಆ್ಯಡ್ ಆನ್ ಸಾಮಾನ್ಯವಾಗಿ ಸಿಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸ್ವಂತ ಗಾಡಿಯ ಹಾನಿಯನ್ನೂ ಭರಿಸುವ ಸಮಗ್ರ ವಿಮೆ ಇದ್ದರೆ ಗಾಡಿ ಕೆಟ್ಟು ನಿಂತದ್ದಕ್ಕೂ ಹಣ ಬರುತ್ತದೆ ಎಂದು ನಂಬಿದವರು ಅನೇಕರಿದ್ದಾರೆ. ನಮ್ಮ ದೇಶದ ಮೋಟಾರು ವಿಮೆಯ ಮಾದರಿ ಪಾಲಿಸಿಯಲ್ಲಿ ಯಾಂತ್ರಿಕ ಮತ್ತು ವಿದ್ಯುತ್ ದೋಷಗಳು, ಸವೆತ, ತೇಯ್ಮಾನ ಇವುಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಅಪಘಾತವಾದಾಗ ಗಾಡಿಯನ್ನು ಹತ್ತಿರದ ರಿಪೇರಿಯವರಲ್ಲಿಗೆ ಸಾಗಿಸುವ ಖರ್ಚಿಗೆ ಅದೇ ಪಾಲಿಸಿಯಲ್ಲಿ ಅವಕಾಶವಿದ್ದರೂ, ಖಾಸಗಿ ಕಾರಿಗೆ 1,500 ರೂಪಾಯಿ, ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಎಂಬ ಮಿತಿಯನ್ನು ಮಾದರಿ ಪಾಲಿಸಿ ಹಾಕಿದೆ. ಅರಬೈಲ್ ಘಟ್ಟದ ಕೆಳಗಿನಿಂದ ಹುಬ್ಬಳ್ಳಿಯವರೆಗೆ ಕಾರನ್ನು ಲಾರಿಯ ಮೇಲೇರಿಸಿ ಒಯ್ಯುವುದಕ್ಕೆ 1,500 ರೂಪಾಯಿ ಸಾಲದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಲ್ಲದೆ ಆ ಮೊತ್ತವನ್ನು ಕೇಳಿದರೆ ಅದು ಕ್ಲೇಮ್ ಆಗುತ್ತದೆ, ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ರಸ್ತೆ ನೆರವಿನ ಆ್ಯಡ್ ಆನ್ ಬಳಸಿದ್ದಕ್ಕೆ ಸಾಮಾನ್ಯವಾಗಿ ಬೋನಸ್ ಕಡಿತವಾಗುವುದಿಲ್ಲ.

ಇನ್ನು ಟೋಲ್ ಕೊಟ್ಟು ಓಡಾಡುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033 ಎಂಬ ಸಹಾಯವಾಣಿ ಇದೆ. ಹಟ್ಟಿಕೇರಿ, ಹೊಳೆಗದ್ದೆ ಟೋಲ್‌ಗಳ ನಡುವೆ ಸಿಕ್ಕಿಕೊಂಡವರು ಮೊದಲು ಈ ಸಂಖ್ಯೆಗೆ ಕರೆ ಮಾಡಬೇಕು. ಅಲ್ಲಿಯ ಕ್ರೇನು ನಿಮ್ಮ ಗಾಡಿಯನ್ನು ರಸ್ತೆಯಿಂದ ಸರಿಸಿ ಹತ್ತಿರದ ಸುರಕ್ಷಿತ ಜಾಗಕ್ಕೆ ಮುಟ್ಟಿಸುವುದಕ್ಕೆ ಇರುವಂಥದ್ದು. ನಿಮ್ಮ ಇಷ್ಟದ ಗ್ಯಾರೇಜಿಗೆ ಅದು ಒಯ್ಯಬೇಕೆಂದು ನಿರೀಕ್ಷಿಸಬೇಡಿ.

ಕೊಡುವವರು ಯಾರು

ನೆರವು ಕೊಡುವವರಲ್ಲಿ ಮೂರು ಬಗೆ. ತಯಾರಕ ಕಂಪನಿಯ ಯೋಜನೆಯಲ್ಲಿ ಗಾಡಿ ಅಧಿಕೃತ ಸರ್ವೀಸ್ ಕೇಂದ್ರಕ್ಕೇ ಹೋಗುತ್ತದೆ. ವಾರಂಟಿ ಇನ್ನೂ ಇರುವವರಿಗೆ ಇದು ಅನುಕೂಲ, ಏಕೆಂದರೆ ದಾರಿಯಲ್ಲಿ ಯಾರೋ ಕೈಯಾಡಿಸಿದರು ಎಂಬ ತಕರಾರು ಹುಟ್ಟುವುದಿಲ್ಲ. ವಾರಂಟಿ ಮುಗಿದ ಮೇಲೂ ಹಲವು ಕಂಪನಿಗಳು ವಾರ್ಷಿಕ ಶುಲ್ಕಕ್ಕೆ ಇದನ್ನು ಮುಂದುವರಿಸುತ್ತವೆ. ವಿಮಾ ಕಂಪನಿಯ ಆ್ಯಡ್ ಆನ್ ಅಗ್ಗ. ಆದರೆ ಫೋನು ಎತ್ತುವವರು ಬಹುತೇಕ ವಿಮಾ ಕಂಪನಿಯವರಾಗಿರುವುದಿಲ್ಲ, ಅದು ಗುತ್ತಿಗೆ ಕೊಟ್ಟಿರುವ ನೆರವಿನ ಸಂಸ್ಥೆಯವರು. ಆ ಸಂಸ್ಥೆ ಮತ್ತೆ ಊರೂರಿನ ಕ್ರೇನ್ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡಿರುತ್ತದೆ. ಮೂರನೆಯದು, ಸದಸ್ಯತ್ವದ ರೂಪದಲ್ಲಿ ನೇರವಾಗಿ ಮಾರುವ ಸ್ವತಂತ್ರ ಸಂಸ್ಥೆಗಳು. ಇವರು ಕೊಡುವುದು ವಿಮೆಯಲ್ಲ, ಸೇವೆಯ ಕರಾರು. ಈ ವ್ಯತ್ಯಾಸ ಕೊಳ್ಳುವ ದಿನ ಕಾಣುವುದಿಲ್ಲ, ದೂರು ಕೊಡುವ ದಿನ ಕಾಣುತ್ತದೆ.

ಮೂವರಲ್ಲಿ ಯಾರೇ ಆದರೂ ಕೊನೆಗೆ ನಿಮ್ಮೆದುರು ಬಂದು ನಿಲ್ಲುವುದು ಒಬ್ಬ ಕ್ರೇನ್ ಮಾಲೀಕನ ಗಾಡಿಯೇ. ಆದ್ದರಿಂದ ನಿಮ್ಮ ಊರಿನ ಗ್ಯಾರೇಜಿಗೆ ಹೋಗಿ, ಎಳೆಯುವ ಗಾಡಿ ಇಟ್ಟುಕೊಂಡವರು ಯಾರು, ಅವರಿಗೆ ಯಾವ ಯೋಜನೆಗಳಿಂದ ಕರೆ ಬರುತ್ತದೆ, ಯಾರು ಸಮಯಕ್ಕೆ ಸರಿಯಾಗಿ ಹಣ ಕೊಡುತ್ತಾರೆ ಎಂದು ವಿಚಾರಿಸಿ. ಶಿರಸಿಯ ಒಬ್ಬ ಗ್ಯಾರೇಜಿನವರು ನನಗೆ ಹೇಳಿದ ಮಾತು ಯಾವ ಜಾಹೀರಾತಿನಲ್ಲೂ ಸಿಗುವಂಥದ್ದಲ್ಲ: ಬಾಕಿ ಉಳಿಸಿಕೊಂಡ ಸಂಸ್ಥೆಯಿಂದ ರಾತ್ರಿ ಕರೆ ಬಂದರೆ ಅವರು ಫೋನನ್ನೇ ಎತ್ತುವುದಿಲ್ಲವಂತೆ. ನನಗಾಗಿ ಹುಬ್ಬಳ್ಳಿಯಿಂದ ಗಾಡಿ ಬಂದದ್ದು ಏಕೆಂದು ಅಂದು ಹೊಳೆಯಿತು.

ಕಿಲೋಮೀಟರಿನ ಲೆಕ್ಕ

ಇಡೀ ಕರಾರಿನಲ್ಲಿ ಎರಡು ಸಲ ಓದಬೇಕಾದ ಭಾಗ ಇದೊಂದೇ. ಮೊದಲನೆಯದಾಗಿ, ಉಚಿತ ದೂರವನ್ನು ಎಲ್ಲಿಂದ ಎಣಿಸುತ್ತಾರೆ ಎಂದು ನೋಡಿ. ಗಾಡಿ ಕೆಟ್ಟ ಜಾಗದಿಂದ ಗ್ಯಾರೇಜಿನವರೆಗೆ ಎಂದಿದ್ದರೆ ಅದು ನಿಮಗೆ ಒಳ್ಳೆಯದು. ನೆರವಿನ ವಾಹನ ತನ್ನ ನೆಲೆಯಿಂದ ಹೊರಟು ನೆಲೆಗೆ ಮರಳುವವರೆಗೆ ಎಂದಿದ್ದರೆ, ಉಚಿತ ದೂರ ಕಾಗದದ ಮೇಲೆ 100 ಕಿ.ಮೀ. ಇದ್ದರೂ ನಮ್ಮ ಕಡೆ ಅದು ದಕ್ಕುವುದು ಕಷ್ಟ. ನನ್ನದೇ ಲೆಕ್ಕವನ್ನು ನೋಡಿ. ಹುಬ್ಬಳ್ಳಿಯಿಂದ ದೇವಿಮನೆಗೆ ಸುಮಾರು 130, ಅಲ್ಲಿಂದ ಕುಮಟಾಕ್ಕೆ 30, ಒಟ್ಟು 160. ಉಚಿತವಾದ 50 ಕಳೆದರೆ 110 ಕಿ.ಮೀ.ಗೆ ನಾನು ಹಣ ಕೊಟ್ಟೆ. ಮರಳಿ ಹೋಗುವ ದೂರವನ್ನೂ ಸೇರಿಸುವ ಕರಾರಾಗಿದ್ದರೆ ಅದು ಇನ್ನೂ ಸುಮಾರು 160 ಕಿ.ಮೀ. ಬೆಳೆಯುತ್ತಿತ್ತು. ಕುಮಟಾದ ಕ್ರೇನನ್ನು ನಾನೇ ಕರೆಸಿಕೊಂಡಿದ್ದರೆ ಖರ್ಚು ಇದಕ್ಕಿಂತ ಕಡಿಮೆಯಾಗುತ್ತಿತ್ತು, ಐದು ತಾಸಿನ ಮಳೆಯೂ ತಪ್ಪುತ್ತಿತ್ತು.

ಎರಡನೆಯದಾಗಿ, ಎಲ್ಲಿಗೆ ಒಯ್ಯುತ್ತಾರೆ ಎಂಬುದು. 'ಹತ್ತಿರದ ಗ್ಯಾರೇಜು', 'ಹತ್ತಿರದ ಅಧಿಕೃತ ಕೇಂದ್ರ', 'ಗ್ರಾಹಕರು ಬಯಸಿದ ಜಾಗ' ಈ ಮೂರಕ್ಕೂ ಇಲ್ಲಿ ಭೂಮಿ ಆಕಾಶದ ಅಂತರವಿದೆ. ಹತ್ತಿರದ ಎಂಬುದನ್ನು ಕಾಲ್ ಸೆಂಟರಿನವರು ನಕ್ಷೆಯಲ್ಲಿ ನೋಡಿ ನಿರ್ಧರಿಸುತ್ತಾರೆ. ನಕ್ಷೆಯಲ್ಲಿ ಹತ್ತಿರ ಕಾಣುವ ಊರು ಘಟ್ಟದ ಇನ್ನೊಂದು ಬದಿಗೆ ಇರಬಹುದು, ಅಥವಾ ಮಧ್ಯೆ ಹೊಳೆ ಇದ್ದು ಸೇತುವೆ ಇಪ್ಪತ್ತು ಕಿಲೋಮೀಟರ್ ಆಚೆ ಇರಬಹುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಪಶ್ಚಿಮಕ್ಕೆ ಹರಿದು ಕರಾವಳಿಯನ್ನು ತುಂಡು ತುಂಡು ಮಾಡಿರುವ ಈ ಜಿಲ್ಲೆಯಲ್ಲಿ ನೇರ ಗೆರೆಯ ದೂರಕ್ಕೆ ಅರ್ಥವೇ ಇಲ್ಲ. ಗ್ರಾಹಕರು ಹೇಳಿದ ಜಾಗಕ್ಕೆ ಒಯ್ಯುತ್ತೇವೆ ಎಂಬ ಷರತ್ತು ಇರುವ ಯೋಜನೆಗೆ ನೂರಿನ್ನೂರು ರೂಪಾಯಿ ಹೆಚ್ಚಾದರೂ ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಮಿತಿ ಮೀರಿದ ಪ್ರತಿ ಕಿಲೋಮೀಟರಿಗೆ ಎಷ್ಟು ದರ ಎಂಬುದು ಅಂಕಿಗಳಲ್ಲಿ ಬರೆದಿರಬೇಕು. 'ಚಾಲ್ತಿಯಲ್ಲಿರುವ ದರದಂತೆ' ಎಂದಷ್ಟೇ ಬರೆದಿದ್ದರೆ ರಾತ್ರಿ ಹನ್ನೊಂದಕ್ಕೆ ಘಟ್ಟದಲ್ಲಿ ಚೌಕಾಸಿ ಮಾಡುವ ಪಾಳಿ ನಿಮ್ಮದಾಗುತ್ತದೆ. ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಟಯರಿಗೂ ಬ್ಯಾಟರಿಗೂ ಬೇರೆ ಬೇರೆ ಮಿತಿಯಿದೆಯೇ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಿ.

ಖರೀದಿಗೆ ಮುನ್ನ ಒಂದು ಕರೆ

ಹಣ ಕಟ್ಟುವ ಮೊದಲು ಆ ಯೋಜನೆಯ ಸಹಾಯವಾಣಿಗೆ ಒಮ್ಮೆ ಕರೆ ಮಾಡಿ. ಮಾರಾಟ ವಿಭಾಗಕ್ಕೆ ಮಾಡಬೇಡಿ, ಗಾಡಿ ಕೆಟ್ಟವರು ಕರೆ ಮಾಡುವ ಸಂಖ್ಯೆಗೇ ಮಾಡಿ, ಸಾಧ್ಯವಾದರೆ ಭಾನುವಾರ ರಾತ್ರಿ. ಕರೆ ಎತ್ತಲು ಎಷ್ಟು ಹೊತ್ತು ಹಿಡಿಯಿತು, ಕನ್ನಡದಲ್ಲಿ ಮಾತಾಡುವವರು ಸಿಕ್ಕರೇ ಎಂಬುದು ಆಗಲೇ ಗೊತ್ತಾಗುತ್ತದೆ. ಮನೆಯಲ್ಲಿ ವಯಸ್ಸಾದವರು ಗಾಡಿ ಓಡಿಸುತ್ತಿದ್ದರೆ ಭಾಷೆಯ ಪ್ರಶ್ನೆ ಸಣ್ಣದಲ್ಲ.

ಕೇಳಬೇಕಾದ ಪ್ರಶ್ನೆಯನ್ನು ಊರಿನ ಹೆಸರು ಹಿಡಿದು ಕೇಳಿ. 'ಕರ್ನಾಟಕದಾದ್ಯಂತ ಸೇವೆ ಇದೆಯೇ' ಎಂದರೆ ಇದೆ ಎಂದೇ ಉತ್ತರ ಬರುತ್ತದೆ. 'ಯಲ್ಲಾಪುರ ಮತ್ತು ಅಂಕೋಲೆಯ ನಡುವೆ ರಾತ್ರಿ ಗಾಡಿ ನಿಂತರೆ ನಿಮ್ಮ ಕ್ರೇನು ಯಾವ ಊರಿನಿಂದ ಬರುತ್ತದೆ' ಎಂದು ಕೇಳಿದರೆ ತಡವರಿಸುತ್ತಾರೆ, ಆ ತಡವರಿಕೆಯೂ ಒಂದು ಉತ್ತರ. ಕಾರವಾರದವರು ಮತ್ತೊಂದು ಪ್ರಶ್ನೆ ಕೇಳಲೇಬೇಕು: ಗೋವಾದೊಳಗೆ ಗಾಡಿ ಕೆಟ್ಟರೆ ಗಡಿ ದಾಟಿಸಿ ಕಾರವಾರಕ್ಕೆ ತಂದುಕೊಡುತ್ತಾರೆಯೇ, ಅಥವಾ ಕಾಣಕೋಣದಲ್ಲಿಯೋ ಮಡಗಾಂವಿನಲ್ಲಿಯೋ ಬಿಟ್ಟುಹೋಗುತ್ತಾರೆಯೇ? ಕಾರವಾರ ಕಣ್ಣಳತೆಯಲ್ಲಿದ್ದರೂ ಪಕ್ಕದ ರಾಜ್ಯದ ಕ್ರೇನು ಗಡಿಯೊಳಗೆ ಬರಲು ಒಪ್ಪದಿದ್ದರೆ ಎರಡು ಗಾಡಿಗಳ ಬಾಡಿಗೆ ನಿಮ್ಮ ತಲೆಗೆ ಬರುತ್ತದೆ.

ಜಾಗವನ್ನು ಹೇಗೆ ತಿಳಿಸಬೇಕು ಎಂಬುದನ್ನೂ ಈ ಕರೆಯಲ್ಲಿಯೇ ಕೇಳಿಕೊಳ್ಳಿ. ಕೆಲವು ಯೋಜನೆಗಳು ಮೊಬೈಲ್ ಆ್ಯಪ್ ಮೂಲಕ ಮಾತ್ರ ಜಾಗವನ್ನು ಪಡೆಯುತ್ತವೆ. ಅಣಶಿಯಂಥ ಕಡೆ ಇಂಟರ್ನೆಟ್ ಇಲ್ಲದೆ ಆ್ಯಪ್ ತೆರೆದುಕೊಳ್ಳುವುದೇ ಇಲ್ಲ. ಸಾದಾ ಎಸ್‌ಎಂಎಸ್‌ನಲ್ಲಿ ಅಕ್ಷಾಂಶ ರೇಖಾಂಶ ಕಳಿಸಿದರೆ ಸಾಕು ಎನ್ನುವ ಯೋಜನೆ ನಮಗೆ ಒಳ್ಳೆಯದು. ಜಿಪಿಎಸ್ ಕೆಲಸ ಮಾಡಲು ಮೊಬೈಲ್ ಸಿಗ್ನಲ್ ಬೇಕಾಗಿಲ್ಲ, ಆದ್ದರಿಂದ ಆ ಅಂಕಿಗಳು ಫೋನಿನ ದಿಕ್ಸೂಚಿ ಆ್ಯಪ್‌ನಲ್ಲೋ ಮೊದಲೇ ಇಳಿಸಿಕೊಂಡ ನಕ್ಷೆಯಲ್ಲೋ ಸಿಗುತ್ತವೆ. ಬರೆದಿಟ್ಟುಕೊಂಡು, ಘಟ್ಟದಲ್ಲಿ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಒಂದು ಚೀಟಿ ಕೊಟ್ಟರೆ ಮುಂದಿನ ಊರಿನಿಂದ ಅವರು ಕರೆ ಮಾಡಿಸುತ್ತಾರೆ. ಈ ಉಪಕಾರವನ್ನು ನಾನು ಪಡೆದಿದ್ದೇನೆ. ರಾಷ್ಟ್ರೀಯ ಹೆದ್ದಾರಿಯಾದರೆ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಅಂಕಿಯೂ ಒಳ್ಳೆಯ ಗುರುತು.

ಮಳೆಗಾಲದ ಷರತ್ತುಗಳು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಜನ ಸತ್ತರು, ಲಾರಿಯೊಂದು ಗಂಗಾವಳಿಯ ತಳ ಸೇರಿ ಎರಡು ತಿಂಗಳ ಮೇಲೆ ಸಿಕ್ಕಿತು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇಂಥ ದಿನಗಳಲ್ಲಿ ರಸ್ತೆ ನೆರವಿನ ಯಾವ ಯೋಜನೆಯೂ ನಡೆಯುವುದಿಲ್ಲ. ಪ್ರಕೃತಿ ವಿಕೋಪ, ರಸ್ತೆ ಬಂದ್, ಸರ್ಕಾರದ ನಿರ್ಬಂಧ ಇದ್ದಾಗ ಸೇವೆ ಕೊಡುವ ಹೊಣೆ ತಮಗಿಲ್ಲ ಎಂದು ಕರಾರುಗಳಲ್ಲಿ ಬರೆದಿರುತ್ತಾರೆ, ಬರೆದಿರುವುದರಲ್ಲಿ ನ್ಯಾಯವೂ ಇದೆ. ಆಕ್ಷೇಪ ಇರುವುದು ಅದರ ವ್ಯಾಪ್ತಿಯ ಬಗ್ಗೆ. 'ಪ್ರತಿಕೂಲ ಹವಾಮಾನ' ಎಂಬ ಎರಡೇ ಪದಗಳನ್ನು ಹಾಕಿ ಮುಗಿಸಿದ ಕರಾರನ್ನು ನಾನು ನೋಡಿದ್ದೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಯಾವ ದಿನವನ್ನು ಬೇಕಾದರೂ ಪ್ರತಿಕೂಲ ಎನ್ನಬಹುದು. ಆ ಪದಗಳಿಗೆ ಅರ್ಥವಿವರಣೆ ಇಲ್ಲದ ಯೋಜನೆಯನ್ನು ಬಿಟ್ಟುಬಿಡಿ.

ನೀರು ಹೊಕ್ಕ ಗಾಡಿಯ ವಿಷಯವನ್ನು ಪ್ರತ್ಯೇಕವಾಗಿ ಕೇಳಿ. ಎಂಜಿನ್ನಿನೊಳಗೆ ನೀರು ಹೋದ ಮೇಲೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ನು ಗಾಳಿಯನ್ನು ಒತ್ತುವ ಬದಲು ನೀರನ್ನು ಒತ್ತಲು ಹೋಗುತ್ತದೆ. ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಈ ಹಾನಿಯನ್ನು ಸಾಮಾನ್ಯ ವಿಮೆಯವರು ಚಾಲಕನ ಕೃತ್ಯದಿಂದಾದದ್ದೆಂದು ತಳ್ಳಿಹಾಕುತ್ತಾರೆ, ಅದಕ್ಕೆ ಎಂಜಿನ್ ರಕ್ಷಣೆ ಎಂಬ ಬೇರೆಯೇ ಆ್ಯಡ್ ಆನ್ ಬೇಕು. ಆದ್ದರಿಂದ ನೀರಿನಲ್ಲಿ ನಿಂತ ಗಾಡಿಗೆ ಬೇಕಾದದ್ದು ಜಂಪ್ ಸ್ಟಾರ್ಟ್ ಅಲ್ಲವೇ ಅಲ್ಲ, ಸ್ಟಾರ್ಟ್ ಮಾಡದೆ ಎತ್ತಿ ಒಯ್ಯುವುದು. ನಿಮ್ಮ ಯೋಜನೆ ಅದನ್ನು ಮಾಡುತ್ತದೆಯೇ?

ಇನ್ನೊಂದು, ತೋಟದ ದಾರಿ. ಡಾಂಬರು ರಸ್ತೆಯಿಂದ ಕ್ರೇನು ತಲುಪಲಾರದ ಜಾಗಕ್ಕೆ ಸೇವೆ ಇಲ್ಲ ಎಂಬುದು ಬಹುತೇಕ ಎಲ್ಲ ಯೋಜನೆಗಳಲ್ಲೂ ಇರುವ ಷರತ್ತು. ಸಿದ್ದಾಪುರ, ಶಿರಸಿ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಮನೆಯಂಗಳವೇ ಮುಖ್ಯರಸ್ತೆಯಿಂದ ಒಂದೆರಡು ಕಿಲೋಮೀಟರ್ ಮಣ್ಣು ದಾರಿಯಾಚೆ ಇರುತ್ತದೆ. ಚರಂಡಿಗೆ ಜಾರಿದ ಗಾಡಿಯನ್ನು ಮೇಲೆತ್ತುವುದಕ್ಕೂ ಪ್ರತ್ಯೇಕ ಶುಲ್ಕವಿರುತ್ತದೆ. ಅಂಥ ಮನೆಗಳವರು ಯೋಜನೆಗಿಂತ ನೆರೆಮನೆಯ ಟ್ರ್ಯಾಕ್ಟರನ್ನೇ ನಂಬುತ್ತಾರೆ, ನಂಬಿದ್ದು ತಪ್ಪೂ ಅಲ್ಲ.

ನಿಮ್ಮ ಗಾಡಿ ಯಾವುದು

ಆಟೊಮ್ಯಾಟಿಕ್ ಗೇರಿನ ಕಾರು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜೀಪು, ವಿದ್ಯುತ್ ಕಾರು ಇವುಗಳನ್ನು ಎರಡು ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಗೇರ್‌ಬಾಕ್ಸಿಗೋ ಮೋಟಾರಿಗೋ ಪೆಟ್ಟು ಬೀಳುವ ಅಪಾಯವಿದೆ. ಇವಕ್ಕೆ ಇಡೀ ಗಾಡಿಯನ್ನು ಮೇಲೇರಿಸಿಕೊಳ್ಳುವ ಫ್ಲಾಟ್‌ಬೆಡ್ ಬೇಕು. ಪಟ್ಟಣಕ್ಕೊಂದು ಮುಂಗಾಲು ಎತ್ತುವ ಕ್ರೇನು ಸಿಕ್ಕೀತು, ಫ್ಲಾಟ್‌ಬೆಡ್ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಕರಾರಿನಲ್ಲಿ ಆ ಪದ ಇರುವುದನ್ನು ಖಚಿತಪಡಿಸಿಕೊಳ್ಳಿ. ವಿದ್ಯುತ್ ಗಾಡಿಯವರು, ಚಾರ್ಜು ಮುಗಿದು ನಿಂತದ್ದನ್ನು ಕೆಟ್ಟು ನಿಂತದ್ದೆಂದು ಪರಿಗಣಿಸುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಘಟ್ಟ ಹತ್ತುವಾಗ ಬ್ಯಾಟರಿ ಇಳಿಯುವ ವೇಗ ಸಮತಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ.

ಬೈಕು, ಸ್ಕೂಟರಿನವರಿಗೆ ಯೋಜನೆಗಳು ಅಗ್ಗವಾಗಿ ಸಿಗುತ್ತವೆ, ಷರತ್ತುಗಳು ಅವೇ. ಹಳದಿ ಬೋರ್ಡಿನ ಗಾಡಿಗಳಿಗೆ ಖಾಸಗಿ ಗಾಡಿಯ ಯೋಜನೆ ನಡೆಯುವುದಿಲ್ಲ. ಗಾಡಿಗೆ ಇಷ್ಟು ವರ್ಷ ಮೀರಿರಬಾರದು ಎಂಬ ನಿಯಮ ಕೆಲವೆಡೆ ಇರುವುದರಿಂದ ಹಳೆಯ ಗಾಡಿಯವರು ಮೊದಲು ಅದನ್ನೇ ನೋಡಲಿ.

ದರ ಮತ್ತು ಕಾಗದ

ದರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಷ್ಟು ಹಣ ಎಂದು ಹೇಳುವಾಗ ಶೇಕಡಾ 18ರ ಜಿಎಸ್‌ಟಿ ಸೇರಿದೆಯೇ ಎಂದು ಕೇಳಿ. ಸ್ವತಂತ್ರ ಸಂಸ್ಥೆಗಳ ಯೋಜನೆ ಸಾಮಾನ್ಯವಾಗಿ ಕೊಂಡ ದಿನವೇ ಜಾರಿಗೆ ಬರುವುದಿಲ್ಲ, ಕೆಲವು ದಿನ ಕಾಯಬೇಕಾಗುತ್ತದೆ. ಗಾಡಿ ನಿಂತ ಮೇಲೆ ಅಲ್ಲಿಂದಲೇ ಕೊಳ್ಳುವ ಚಾತುರ್ಯ ನಡೆಯದಿರಲಿ ಎಂದು ಮಾಡಿದ ಏರ್ಪಾಡು ಅದು. ಅಂಥ ಯೋಜನೆಯನ್ನು ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ಕೊಂಡರೆ ಉಪಯೋಗವಿಲ್ಲ. ಗಾಡಿ ಮಾರಿದರೆ ಯೋಜನೆ ಹೊಸ ಮಾಲೀಕರಿಗೆ ಹೋಗುತ್ತದೆಯೇ, ಪ್ರತಿವರ್ಷ ಖಾತೆಯಿಂದ ತಾನಾಗಿ ಹಣ ಕಡಿತವಾಗುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ರಸೀದಿಯ ಜೊತೆಗೆ ಪೂರ್ಣ ಷರತ್ತುಗಳ ಕಡತವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ, ಏಕೆಂದರೆ ಜಾಲತಾಣದಲ್ಲಿರುವ ಷರತ್ತುಗಳು ಮುಂದೆ ಬದಲಾಗಬಹುದು.

ಗಾಡಿ ನಿಂತ ದಿನ

ಯೋಜನೆಯನ್ನು ಆಯ್ದುಕೊಳ್ಳುವಷ್ಟೇ ಅದನ್ನು ಬಳಸುವ ಕ್ರಮವೂ ಮುಖ್ಯ. ಘಟ್ಟದಲ್ಲಿ ಗಾಡಿ ನಿಂತರೆ ತಿರುವಿನಿಂದ ಸಾಧ್ಯವಾದಷ್ಟು ಆಚೆಗೆ ಉರುಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಕನಿಷ್ಠ ಐವತ್ತು ಹೆಜ್ಜೆ ದೂರದಲ್ಲಿಡಿ. ತಿರುವಿದ್ದರೆ ತಿರುವಿಗೂ ಆಚೆ ಇಡಬೇಕು, ಇಲ್ಲವಾದರೆ ಇಳಿದು ಬರುವ ಲಾರಿಯವರಿಗೆ ಅದು ಕಾಣುವುದು ಗಾಡಿ ಕಂಡ ಮೇಲೆಯೇ. ಜನರನ್ನು ಗಾಡಿಯಿಂದ ಇಳಿಸಿ, ಆದರೆ ಸಡಿಲ ಮಣ್ಣಿನ ಗುಡ್ಡದ ಬುಡದಲ್ಲಿ ನಿಲ್ಲಿಸಬೇಡಿ. ಯಾರಿಗಾದರೂ ಪೆಟ್ಟಾಗಿದ್ದರೆ ನೆರವಿನ ಸಂಸ್ಥೆಗಿಂತ ಮೊದಲು 112 ಅಥವಾ 108.

ಗಾಡಿಯನ್ನು ಹಾಗೇ ಬಿಟ್ಟು ಮನೆಗೆ ಹೋಗುವ ಯೋಚನೆ ಬಂದರೆ ವಿಮೆಯ ಒಂದು ಷರತ್ತು ನೆನಪಿರಲಿ. ಕೆಟ್ಟ ಗಾಡಿಯನ್ನು ತಕ್ಕ ಎಚ್ಚರಿಕೆ ವಹಿಸದೆ ಬಿಟ್ಟುಹೋಗಬಾರದು, ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕನದೇ ಎಂದು ಮಾದರಿ ಪಾಲಿಸಿ ಹೇಳುತ್ತದೆ. ಬಿಸಿಯಾದ ಎಂಜಿನ್ನಿಗೆ ನೀರು ಹೊಯ್ದು ಹೇಗಾದರೂ ಘಟ್ಟ ದಾಟಿಸಿಬಿಡೋಣ ಎನ್ನುವವರಿಗೆ ಇದು ಅನ್ವಯಿಸುತ್ತದೆ.

ಕ್ರೇನು ಬಂದ ಕೂಡಲೇ ಮಾಡುವ ಕೆಲಸ ನಾಲ್ಕು ಚಿತ್ರ ತೆಗೆಯುವುದು: ನಿಮ್ಮ ಗಾಡಿಯ ನಾಲ್ಕು ಬದಿಗಳು ಸಾಲುವಂತೆ ಎರಡು, ನಿಮ್ಮ ಗಾಡಿಯ ಮೀಟರಿನದ್ದು ಒಂದು, ಕ್ರೇನಿನ ಮೀಟರಿನದ್ದು ಒಂದು. ಕೊನೆಯದಕ್ಕೆ ಚಾಲಕ ಮುಖ ಸಿಂಡರಿಸಿದರೂ ಬಿಡಬೇಡಿ. ಗ್ಯಾರೇಜು ತಲುಪಿದ ಮೇಲೆ ಅದನ್ನೇ ಮತ್ತೊಮ್ಮೆ ತೆಗೆದುಕೊಳ್ಳಿ. ಹೆಚ್ಚುವರಿ ಹಣ ಎಷ್ಟು ಎಂದು ಗಾಡಿ ಮೇಲೇರಿಸುವ ಮೊದಲೇ ಹೇಳಿಸಿ, ಸಹಾಯವಾಣಿಯವರಿಂದ ಎಸ್‌ಎಂಎಸ್ ತರಿಸಿಕೊಳ್ಳಿ. ಖಾಲಿ ಕಾಗದಕ್ಕೆ, ಅಂಕಿ ತುಂಬದ ಚೀಟಿಗೆ ಸಹಿ ಹಾಕಬೇಡಿ. ಗಾಡಿಯಲ್ಲಿರುವ ಬೆಲೆಬಾಳುವ ವಸ್ತುಗಳನ್ನು ಇಳಿಸಿಕೊಳ್ಳಿ. ಅಡಿಕೆ ಮೂಟೆ ಇದ್ದರೆ ಅದನ್ನೂ ಚೀಟಿಯಲ್ಲಿ ಬರೆಸಿ.

ದೂರು ಕೊಡಬೇಕಾಗಿ ಬಂದರೆ

ಯೋಜನೆ ವಿಮೆಯ ಆ್ಯಡ್ ಆನ್ ಆಗಿದ್ದರೆ, ಮೊದಲು ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತವಾಗಿ ದೂರು ಕೊಡಿ. ಅಲ್ಲಿ ಸರಿಹೋಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣವಿದೆ, 155255 ಸಂಖ್ಯೆಯಿದೆ. ವಿಮಾ ಕಂಪನಿಯಿಂದ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಸ್ವತಂತ್ರ ಸಂಸ್ಥೆಯ ಸದಸ್ಯತ್ವವಾಗಿದ್ದರೆ ಒಂಬುಡ್ಸ್‌ಮನ್ ದಾರಿ ಇಲ್ಲ. ಅದು ಸೇವೆಯ ನ್ಯೂನತೆಯ ಪ್ರಶ್ನೆ, ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಕೆಳಗೆ ಬರುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿದರೆ ಸಂಸ್ಥೆಯೊಂದಿಗೆ ರಾಜಿಗೆ ಯತ್ನಿಸುತ್ತಾರೆ. ಆಗದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿಯೂ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕ್ರೇನಿನವರು ಕೊಡುವ ಬಿಲ್ಲು ಬಿಸಿಗೆ ಅಚ್ಚಾಗುವ ತೆಳು ಕಾಗದದ್ದಾಗಿದ್ದರೆ ನಮ್ಮ ಕಡೆಯ ತೇವದಲ್ಲಿ ಅದು ಅಷ್ಟು ಕಾಲ ಬಾಳುವುದಿಲ್ಲ. ನನ್ನ 110 ಕಿಲೋಮೀಟರಿನ ಬಿಲ್ಲು ದೀಪಾವಳಿಯ ಹೊತ್ತಿಗೆ ಬರಿಯ ಬಿಳಿ ಹಾಳೆಯಾಗಿತ್ತು. ಅದು ಕೈಗೆ ಬಂದ ದಿನವೇ ಚಿತ್ರ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.